ಅಡಿಕೆ ತೋಟಕ್ಕೆ 1998ರ ಮಿತ್ಸುಬಿಷಿ ಶಕ್ತಿ ಸಣ್ಣ ಟ್ರ್ಯಾಕ್ಟರ್: ಕೊಳ್ಳುವ ಮೊದಲು ಏನೇನು ನೋಡಬೇಕು?

ಚನ್ನಗಿರಿ ತೋಟಗಾರ:

ಎಲ್ಲರಿಗೂ ನಮಸ್ಕಾರ. ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆಯ ಅಡಿಕೆ ತೋಟ. ಸಾಲಿನಿಂದ ಸಾಲಿಗೆ ಒಂಬತ್ತು ಅಡಿ ಅಂತರವಿದೆ, ನೆಲ ಸಮತಟ್ಟು, ನೀರು ಕೊಳವೆಬಾವಿಯದು. ಕಳೆ ಹೊಡೆಯಲು, ಕೊಟ್ಟಿಗೆ ಗೊಬ್ಬರವನ್ನು ಒಳಗೆ ಸಾಗಿಸಲು, ಕೊಯ್ಲಿನ ಕಾಲದಲ್ಲಿ ಗೊನೆಗಳನ್ನು ಹೊರತರಲು ಇದುವರೆಗೆ ಬಾಡಿಗೆಯ ಪವರ್ ಟಿಲ್ಲರನ್ನೇ ನಂಬಿಕೊಂಡಿದ್ದೇವೆ. ಬೇಕಾದ ದಿನ ಅದು ಸಿಗುವುದಿಲ್ಲ, ಸಿಕ್ಕ ದಿನ ನಡೆಸುವ ಆಳು ಇರುವುದಿಲ್ಲ. ದೊಡ್ಡ ಟ್ರ್ಯಾಕ್ಟರನ್ನು ಸಾಲಿನೊಳಗೆ ತಿರುಗಿಸುವುದಂತೂ ಆಗದ ಮಾತು.

ಪಕ್ಕದ ಊರಿನಲ್ಲಿ 1998ರಲ್ಲಿ ನೋಂದಣಿಯಾದ ಮಿತ್ಸುಬಿಷಿ ಶಕ್ತಿ ಎಂಟಿ 180ಡಿ ಟ್ರ್ಯಾಕ್ಟರೊಂದು ಮಾರಾಟಕ್ಕಿದೆ. ಮೂರು ಸಿಲಿಂಡರಿನ 18.5 ಅಶ್ವಶಕ್ತಿಯ ಡೀಸೆಲ್ ಇಂಜಿನ್, ನಾಲ್ಕೂ ಚಕ್ರಗಳಿಗೆ ಎಳೆತವಿರುವ ಗಾಡಿ. ಹಿಂದೆ ಭದ್ರಾ ಕಾಲುವೆಯ ಗದ್ದೆಗಳಲ್ಲಿ ಕೇಜ್ ವೀಲ್ (ಪಂಜರದಂಥ ಕಬ್ಬಿಣದ ಚಕ್ರ) ಹಾಕಿ ಕೆಸರು ಉಳುಮೆಗೆ ಬಳಸುತ್ತಿದ್ದರಂತೆ. ಎರಡು ವರ್ಷಗಳಿಂದ ಕೊಟ್ಟಿಗೆಯಲ್ಲಿ ನಿಂತಿದೆ. ಒಂದು ಲಕ್ಷದ ಹದಿನೈದು ಸಾವಿರ ಕೇಳುತ್ತಿದ್ದಾರೆ. ನಾವು ನೋಡಲು ಹೋದಾಗ ಬ್ಯಾಟರಿ ಇಳಿದಿದೆ ಎಂದು ಹೇಳಿ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಿ ಸ್ಟಾರ್ಟ್ ಮಾಡಿ ತೋರಿಸಿದರು. ಮೊದಲು ದಟ್ಟವಾದ ಬಿಳಿ ಹೊಗೆ ಬಂತು, ಇಂಜಿನ್ ಬಿಸಿಯಾದ ಮೇಲೆ ಕಡಿಮೆಯಾಯಿತು. ಮುಂದಿನ ಎಡ ಚಕ್ರದ ಒಳಬದಿಯಲ್ಲಿ ಎಣ್ಣೆ ಜಿನುಗಿ ಮಣ್ಣು ಮೆತ್ತಿಕೊಂಡಿದೆ. ಆರ್‌ಸಿ ಪುಸ್ತಕ ಮಾರುವವರ ತಂದೆಯ ಹೆಸರಿನಲ್ಲಿದೆ, ಅವರು ತೀರಿಕೊಂಡಿದ್ದಾರೆ. ಇಂಥ ಹಳೆಯ ಗಾಡಿಗೆ ಕೈ ಹಾಕಬಹುದೇ? ಹಾಕಿದರೆ ಯಾವ ಕ್ರಮದಲ್ಲಿ ರಿಪೇರಿ ಮಾಡಿಸಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಶಿವಮೊಗ್ಗ ಗ್ಯಾರೇಜ್:

ಮಾನ್ಯರೇ, ನೀವು ಕೊಟ್ಟಿರುವ ವಿವರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಹೊಗೆಯಲ್ಲ, ಎಳೆಸಿ ಸ್ಟಾರ್ಟ್ ಮಾಡಿದ ಸಂಗತಿ. ಬ್ಯಾಟರಿ ಇಳಿದಿರುವುದು ನಿಜವೇ ಇರಬಹುದು, ಆದರೆ ಎಳೆದು ಸ್ಟಾರ್ಟ್ ಮಾಡಿದಾಗ ಇಂಜಿನ್ ಸ್ಟಾರ್ಟರ್ ಮೋಟರ್ ತಿರುಗಿಸುವುದಕ್ಕಿಂತ ವೇಗವಾಗಿ ತಿರುಗುವುದರಿಂದ ಸೋತ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯನ್ನು ಒತ್ತುವ ಬಲ), ಸತ್ತ ಗ್ಲೋ ಪ್ಲಗ್ (ತಣ್ಣಗಿನ ಸಿಲಿಂಡರನ್ನು ಬಿಸಿಮಾಡುವ ವಿದ್ಯುತ್ ಕಡ್ಡಿ), ಕೆಟ್ಟ ಸ್ಟಾರ್ಟರ್ ಈ ಮೂರೂ ಒಟ್ಟಿಗೆ ಮರೆಯಾಗುತ್ತವೆ. ಆದ್ದರಿಂದ ಇನ್ನೊಮ್ಮೆ ಹೋಗಿ. ಹೋಗುವಾಗ ಚಾರ್ಜ್ ಆದ ಬ್ಯಾಟರಿಯೊಂದನ್ನು ನೀವೇ ಒಯ್ಯಿರಿ, ಬೆಳಿಗ್ಗೆ ಬೇಗ ಹೋಗಿ, ಮತ್ತು ಬರುವ ವಿಷಯವನ್ನು ತುಂಬ ಮುಂಚೆ ತಿಳಿಸಬೇಡಿ. ಹೋದ ತಕ್ಷಣ ಸೈಲೆನ್ಸರಿನ ಬುಡವನ್ನು, ರೇಡಿಯೇಟರಿನ ಮೇಲ್ಭಾಗವನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಗಾಡಿಯನ್ನು ಆಗಲೇ ಓಡಿಸಿ ನಿಮಗಾಗಿ ಸಿದ್ಧಮಾಡಿ ಇಟ್ಟಿದ್ದಾರೆ ಎಂದು ತಿಳಿಯಿರಿ.

ಎರಡು ವರ್ಷ ನಿಂತ ಇಂಜಿನನ್ನು ಒಮ್ಮೆಲೇ ತಿರುಗಿಸುವುದು ಒಳ್ಳೆಯದಲ್ಲ. ಈಗಾಗಲೇ ಒಮ್ಮೆ ಓಡಿಸಿರುವುದರಿಂದ ಆ ಭಯ ಸ್ವಲ್ಪ ಕಡಿಮೆ. ಆದರೂ ಮೊದಲು ಆಯಿಲ್ ಅಳೆಯುವ ಕಡ್ಡಿ ಹೊರತೆಗೆದು ನೋಡಿ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಕಡ್ಡಿಗೆ ಅಂಟಿದ ಎಣ್ಣೆ ತೀರ ಗಟ್ಟಿಯಾಗಿ, ಗೇರ್ ಆಯಿಲಿನಂತೆ ನೂಲು ನೂಲಾಗಿ ಇಳಿದರೆ ಅದೂ ಒಂದು ಸುಳಿವು. ಹೊಗೆ ಮುಚ್ಚಿಡಲು ಇಂಜಿನಿಗೆ ತೊಂಬತ್ತರ ಗ್ರೇಡಿನ ದಪ್ಪ ಗೇರ್ ಆಯಿಲ್ ಬೆರೆಸುವ ಚಾಳಿ ಮಾರುವವರಲ್ಲಿ ಇಂದಿಗೂ ಇದೆ. ಆಮೇಲೆ ರೇಡಿಯೇಟರಿನ ಮುಚ್ಚಳ ತೆಗೆದಿಟ್ಟು, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೀರನ್ನು ಗಮನಿಸಿ. ಒಂದೇ ಸಮನೆ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಮತ್ತು ಅದರ ಮೇಲಿನ ಹೆಡ್ ನಡುವಿನ ತೆಳು ಹಾಳೆ) ಹೋಗಿದೆ, ಇಲ್ಲವೇ ಹೆಡ್ ಬಿರುಕು ಬಿಟ್ಟಿದೆ.

ಈ ಇಂಜಿನಿನಲ್ಲಿ ತಣ್ಣಗಿನ ಸ್ಟಾರ್ಟಿಗೆ ಗ್ಲೋ ಪ್ಲಗ್ ಬೇಕು. ಮೂರರಲ್ಲಿ ಒಂದೋ ಎರಡೋ ಸತ್ತಿದ್ದರೆ ಆ ಸಿಲಿಂಡರುಗಳಲ್ಲಿ ಡೀಸೆಲ್ ಉರಿಯದೆ ಬಿಳಿ ಹೊಗೆಯಾಗಿ ಹೊರಬರುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ. ನೀವು ಕಂಡದ್ದು ಇದೇ ಆಗಿರಬಹುದು, ಆಗಿದ್ದರೆ ಖರ್ಚು ಬಹಳ ಕಡಿಮೆ. ಪ್ಲಗ್ಗಿನ ತಂತಿ ಬಿಚ್ಚಿ ಮಲ್ಟಿಮೀಟರಿನಲ್ಲಿ ಅಳೆದರೆ, ಒಳ್ಳೆಯ ಪ್ಲಗ್ ಬಹಳ ಕಡಿಮೆ ರೋಧ ತೋರಿಸುತ್ತದೆ, ಸತ್ತದ್ದು ಏನನ್ನೂ ತೋರಿಸುವುದಿಲ್ಲ. ಆದರೆ ಪ್ಲಗ್ಗುಗಳೆಲ್ಲ ಸರಿಯಿದ್ದೂ ಬಿಳಿ ಹೊಗೆ ಬಂದರೆ ಕಂಪ್ರೆಷನ್ ಸೋತಿರಬಹುದು. ಬಿಸಿಯಾದ ಮೇಲೆ ಆಯಿಲ್ ತುಂಬುವ ಮುಚ್ಚಳವನ್ನು ತೆಗೆದು ಅದೇ ಬಾಯಿಯ ಮೇಲೆ ಬೋರಲಾಗಿ ಇಡಿ. ಸ್ವಲ್ಪ ಅಲುಗಾಡಿದರೆ ಚಿಂತೆಯಿಲ್ಲ, ಕುಣಿದು ಕೆಳಗೆ ಬಿದ್ದರೆ, ಜೊತೆಗೆ ಹೊಗೆ ಬುಸುಗುಟ್ಟಿದರೆ, ಇಂಜಿನ್ ಬೋರಿಗೆ ಬಂದಿದೆ, ಅಂದರೆ ಸಿಲಿಂಡರಿನ ಒಳಗೋಡೆ ಸವೆದಿದೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆಗೆ ಮಾತ್ರ ಹೆದರಬೇಡಿ. ಹಲವು ಬಾರಿ ಕಟ್ಟಿಕೊಂಡ ಏರ್ ಫಿಲ್ಟರ್ ಅಥವಾ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಅದಕ್ಕೆ ಕಾರಣ.

ಇಷ್ಟಾದರೂ ನನ್ನ ಅಭಿಪ್ರಾಯದಲ್ಲಿ ಹಳೆಯ ಸಣ್ಣ ಟ್ರ್ಯಾಕ್ಟರಿನಲ್ಲಿ ಇಂಜಿನ್ ಎರಡನೆಯ ವಿಷಯ. ಇಂಜಿನನ್ನು ಯಾವ ಊರಿನಲ್ಲಾದರೂ ಕಟ್ಟಬಹುದು. ಕೆಸರುಗದ್ದೆಯಲ್ಲಿ ದುಡಿದ ಗಾಡಿಯ ಮುಂದಿನ ಅಚ್ಚೇ (ಆಕ್ಸಲ್) ಜೇಬು ಬರಿದು ಮಾಡುವುದು. ಚಕ್ರದ ಬಳಿ ಜಿನುಗುವ ಎಣ್ಣೆ ಎಂದರೆ ಆಯಿಲ್ ಸೀಲ್ ಹೋಗಿದೆ, ಮತ್ತು ಎಣ್ಣೆ ಹೊರಬಂದ ದಾರಿಯಲ್ಲೇ ಕೆಸರು ನೀರು ಒಳಗೆ ಹೋಗಿರುತ್ತದೆ. ಅಚ್ಚಿನ ಡ್ರೈನ್ ಬೋಲ್ಟನ್ನು ಮಾರುವವರ ಅನುಮತಿ ಪಡೆದು ಸಡಿಲಿಸಿ, ಒಂದಿಷ್ಟು ಎಣ್ಣೆಯನ್ನು ಬಿಳಿಯ ಬಟ್ಟಲಿಗೆ ಹಿಡಿಯಿರಿ. ಬರಿ ಕಪ್ಪು ಎಣ್ಣೆಯಾದರೆ ಸೀಲ್ ಬದಲಿಸಿದರೆ ಮುಗಿಯಿತು. ಬೂದು ಬಣ್ಣದ ಗಂಜಿಯಂಥ ದ್ರವ ಬಂದರೆ ಬೇರಿಂಗುಗಳು ತುಕ್ಕು ಹಿಡಿದಿರುತ್ತವೆ. ಬೆರಳಿನ ನಡುವೆ ಉಜ್ಜಿದಾಗ ಲೋಹದ ಚೂರು ಚುಚ್ಚಿದರೆ ಹಲ್ಲುಚಕ್ರಗಳೇ ಹೋಗಿವೆ, ಆಗ ಮಾತುಕತೆ ನಿಲ್ಲಿಸಿ ಮನೆಗೆ ಬನ್ನಿ.

ಮುಂದಿನ ಟಯರುಗಳ ಅಳತೆಯನ್ನು ಓದಿಕೊಳ್ಳುವುದನ್ನೂ ಮರೆಯಬೇಡಿ. ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಟಯರುಗಳ ಸುತ್ತಳತೆ ಒಂದು ನಿರ್ದಿಷ್ಟ ಪ್ರಮಾಣದಲ್ಲಿ ಇರಬೇಕು. ಸಿಕ್ಕಿದ ಅಳತೆಯ ಟಯರ್ ಹಾಕಿ ಓಡಿಸಿದ್ದರೆ ಮುಂದಿನ ಚಕ್ರ ಒಂದು ವೇಗದಲ್ಲಿ, ಹಿಂದಿನದು ಇನ್ನೊಂದು ವೇಗದಲ್ಲಿ ನೆಲ ಹಿಡಿಯಲು ಹೋಗಿ ಆ ಎಳೆದಾಟವೆಲ್ಲ ಒಳಗಿನ ಗೇರುಗಳ ಮೇಲೆ ಬೀಳುತ್ತದೆ. ಟಯರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕಂಕಿಯ ಗುರುತಿನಿಂದ ಅದು ತಯಾರಾದ ವಾರ ಮತ್ತು ವರ್ಷವೂ ತಿಳಿಯುತ್ತದೆ.

ತೀರ್ಥಹಳ್ಳಿ ಬೆಳೆಗಾರ:

ಗ್ಯಾರೇಜಿನವರು ಯಂತ್ರದ ಕುರಿತು ಹೇಳಿದ್ದಾರೆ, ನಾನು ತೋಟದ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ನಮ್ಮ ಮಲೆನಾಡಿನ ಹಳೆಯ ತೋಟಗಳಲ್ಲಿ ಸಾಲಿಗೊಂದು ಬಸಿಗಾಲುವೆ ಇರುವುದರಿಂದ ಇಂಥ ಗಾಡಿ ಕೆಲಸಕ್ಕೆ ಬರುವುದಿಲ್ಲ. ನಿಮ್ಮದು ಸಮತಟ್ಟಾದ ಬಯಲುಸೀಮೆಯ ಅಂಚಿನ ತೋಟ, ಅಂತರವೂ ಕಾಸರಗೋಡಿನ ತೋಟ ಬೆಳೆಗಳ ಸಂಶೋಧನಾ ಕೇಂದ್ರ ಶಿಫಾರಸು ಮಾಡುವ 2.7 ಮೀಟರಿನಷ್ಟೇ ಇದೆ. ಆದ್ದರಿಂದ ಗಾಡಿ ಒಳಗೆ ಹೋಗುತ್ತದೆ. ಹೋಗುತ್ತದೆ ಎಂದ ಮಾತ್ರಕ್ಕೆ ರೊಟವೇಟರ್ (ತಿರುಗುವ ಅಲಗುಗಳಿಂದ ಮಣ್ಣು ಉಳುವ ಸಲಕರಣೆ) ಹೊಡೆಯಬೇಕು ಎಂದೇನಿಲ್ಲ. ಅಡಿಕೆಯ ಬೇರು ತಾಯಿಬೇರಲ್ಲ. ಬುಡದ ಸುತ್ತ ಮೇಲುಮಣ್ಣಿನಲ್ಲೇ ಹರಡಿಕೊಳ್ಳುವ ನಾರುಬೇರು. ವರ್ಷವರ್ಷವೂ ಆಳವಾಗಿ ಉತ್ತು ಬೇರು ಕತ್ತರಿಸುತ್ತಾ ಹೋದರೆ ಗೊಬ್ಬರಕ್ಕೆ ಹಾಕಿದ ದುಡ್ಡು ಮಣ್ಣುಪಾಲು. ಕಳೆಗೆ ಹುಲ್ಲು ಕತ್ತರಿಸುವ ಸ್ಲ್ಯಾಷರ್ ಸಾಕು, ಕತ್ತರಿಸಿದ್ದು ಅಲ್ಲೇ ಮುಚ್ಚಿಗೆಯಾಗುತ್ತದೆ.

ನಿಮ್ಮ ನಿಜವಾದ ಕೆಲಸ ಗೊಬ್ಬರ ಮತ್ತು ಗೊನೆಯ ಸಾಗಣೆ ಎಂದು ನನಗೆ ಅನ್ನಿಸುತ್ತದೆ. ಅಷ್ಟಕ್ಕೆ ಇಪ್ಪತ್ತೈದು ವರ್ಷ ದಾಟಿದ ಟ್ರ್ಯಾಕ್ಟರ್ ಬೇಕೇ, ಅಥವಾ ಟ್ರೇಲರ್ ಸಮೇತ ಸ್ವಂತ ಪವರ್ ಟಿಲ್ಲರ್ ಸಾಕೇ ಎಂದು ಯೋಚಿಸಿ. ಮನೆಯಲ್ಲಿ ಗಾಡಿಯ ಕೆಲಸ ಗೊತ್ತಿರುವವರು ಒಬ್ಬರಾದರೂ ಇಲ್ಲದಿದ್ದರೆ ಹಳೆಯ ಯಂತ್ರ ಸಾಕುವುದು ಬಿಳಿಯಾನೆ ಸಾಕಿದಂತೆಯೇ. ಸೀಸನ್ನಿನಲ್ಲಿ ಮೆಕ್ಯಾನಿಕ್ ಮನೆಗೆ ಬರಲಿ ಎಂದು ಕಾಯುವುದಕ್ಕಿಂತ ಬಾಡಿಗೆಯ ಟಿಲ್ಲರಿಗೆ ಕಾಯುವುದೇ ಮೇಲು ಅನ್ನಿಸಿಬಿಡುತ್ತದೆ.

ಶಿವಮೊಗ್ಗ ಗ್ಯಾರೇಜ್:

ತೀರ್ಥಹಳ್ಳಿಯವರ ಮಾತಿನಲ್ಲಿ ಸ್ಲ್ಯಾಷರಿನ ವಿಷಯವನ್ನು ಪೂರ್ತಿ ಒಪ್ಪುತ್ತೇನೆ, ಟಿಲ್ಲರಿನ ವಿಷಯವನ್ನು ಅರ್ಧ ಒಪ್ಪುತ್ತೇನೆ. ಟಿಲ್ಲರಿನ ಹಿಂದೆ ದಿನವಿಡೀ ನಡೆಯುವ ಆಳು ಈಗ ಎಲ್ಲಿ ಸಿಗುತ್ತಾರೆ? ಕುಳಿತು ಓಡಿಸುವ ಗಾಡಿಯಾದರೆ ಮನೆಯವರೇ ನಿಭಾಯಿಸಬಹುದು.

ಇನ್ನು ಬಿಡಿಭಾಗ. ಹಳೆಯ ಗಾಡಿ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಹುಟ್ಟಿದ್ದೇ ಮಿತ್ಸುಬಿಷಿಯ ಸಹಯೋಗದಲ್ಲಿ, ಮತ್ತು ಈ 180ಡಿ ಮಾದರಿ ಬಹಳ ವರ್ಷ ಮಾರುಕಟ್ಟೆಯಲ್ಲಿ ಉಳಿದದ್ದರಿಂದ ಪಿಸ್ಟನ್, ರಿಂಗ್, ಗ್ಯಾಸ್ಕೆಟ್, ಸೀಲ್ ಮುಂತಾದವು ಹುಡುಕಿದರೆ ಸಿಗುತ್ತವೆ. ಎಚ್‌ಎಂಟಿಯ ಗಟ್ಟಿಮುಟ್ಟಾದ ಹಳೆಯ ಟ್ರ್ಯಾಕ್ಟರುಗಳನ್ನು ಇಷ್ಟಪಡುವವರು ಇದ್ದಾರೆ, ನನಗೂ ಅವುಗಳ ಮೇಲೆ ಮಮತೆಯಿದೆ. ಆದರೆ ಪಿಂಜೋರಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2016ರಲ್ಲೇ ಆಗಿದೆ, ಹೊಸ ಕಂಪನಿ ಬಿಡಿಭಾಗ ಇನ್ನು ಬರುವುದಿಲ್ಲ. ಮುಂಗಡ ಕೊಡುವ ಮೊದಲು ಅಂಗಡಿಗೆ ಹೋಗಿ ಕ್ಲಚ್ ಪ್ಲೇಟ್, ಮುಂದಿನ ಅಚ್ಚಿನ ಸೀಲ್ ಮತ್ತು ಬೇರಿಂಗ್, ಗ್ಲೋ ಪ್ಲಗ್ ಮತ್ತು ಹೆಡ್ ಗ್ಯಾಸ್ಕೆಟ್ ದಾಸ್ತಾನಿನಲ್ಲಿವೆಯೇ ಎಂದು ಕೇಳಿ ಬೆಲೆ ಬರೆಸಿಕೊಳ್ಳಿ. ಆ ಮೊತ್ತವನ್ನು ಅವರು ಹೇಳಿದ ಬೆಲೆಯಿಂದ ಕಳೆದು ಮಾತಿಗೆ ಕೂರಿರಿ.

ದಾವಣಗೆರೆ ಕಡತ:

ಗಾಡಿಯ ಆರೋಗ್ಯಕ್ಕಿಂತ ನನಗೆ ಕಾಗದಪತ್ರದ ಆರೋಗ್ಯದ ಬಗ್ಗೆ ಹೆಚ್ಚು ಅನುಮಾನವಿದೆ. ಕೃಷಿ ಟ್ರ್ಯಾಕ್ಟರ್ ನಿಯಮದ ಪ್ರಕಾರ ಸಾರಿಗೆಯೇತರ ವಾಹನ, ಅದರ ನೋಂದಣಿ 15 ವರ್ಷ ನಡೆಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 1998ರ ಗಾಡಿಯ ನೋಂದಣಿ 2013ಕ್ಕೇ ಮುಗಿದಿದೆ. ಅಲ್ಲಿಂದೀಚೆಗೆ ನವೀಕರಣ ಆಗಿದೆಯೇ ಎಂದು ಮೊದಲು ನೋಡಿ. ಆಗಿಲ್ಲದಿದ್ದರೆ ತಡಮಾಡಿದ ಶುಲ್ಕ ಕಟ್ಟಿ, ಗಾಡಿಯನ್ನು ತಪಾಸಣೆಗೆ ಆರ್‌ಟಿಒ ಮುಂದೆ ನಿಲ್ಲಿಸಬೇಕಾಗುತ್ತದೆ, ಮತ್ತು ಓಡದ ಗಾಡಿಯನ್ನು ಅಲ್ಲಿಗೆ ಒಯ್ಯುವುದು ಹೇಗೆ ಎಂಬ ಪ್ರಶ್ನೆಯೂ ಏಳುತ್ತದೆ.

ಮಾಲೀಕರು ತೀರಿಕೊಂಡಿರುವುದರಿಂದ ಮಗ ನೇರವಾಗಿ ನಿಮಗೆ ಬರೆದುಕೊಡಲು ಬರುವುದಿಲ್ಲ. ಮೊದಲು ಫಾರಂ 31ರಲ್ಲಿ ಅರ್ಜಿ ಹಾಕಿ, ಮರಣ ಪ್ರಮಾಣಪತ್ರ ಮತ್ತು ಇತರ ವಾರಸುದಾರರ ಒಪ್ಪಿಗೆಯೊಂದಿಗೆ ಅವರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ಮಾರಾಟದ ಫಾರಂ 29 ಮತ್ತು 30. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಸಹಕಾರ ಸಂಘದ ಸಾಲದ ನಮೂದು ಇದ್ದರೆ ಅದನ್ನು ತೆಗೆಸಲು ಫಾರಂ 35 ಬೇಕು. ಸಾಲ ತೀರಿಸಿ ಎಷ್ಟೋ ವರ್ಷವಾಗಿದ್ದರೂ ಆ ನಮೂದು ಹಾಗೇ ಉಳಿದಿರುವ ಪುಸ್ತಕಗಳನ್ನು ನಾನು ಧಾರಾಳವಾಗಿ ನೋಡಿದ್ದೇನೆ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಪುಸ್ತಕದ ನಂಬರಿನೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಇಂಜಿನ್ ಬದಲಾಗಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. ತೋಟದೊಳಗೇ ಓಡಿಸುವುದು ತಾನೇ ಎಂದು ಉಪೇಕ್ಷೆ ಮಾಡಬೇಡಿ. ಟ್ರೇಲರಿಗೆ ಗೊನೆ ತುಂಬಿ ಊರ ರಸ್ತೆ ದಾಟುವಾಗ ಅಪಘಾತವಾದರೆ ವಿಮೆಯಿಲ್ಲದ, ಹೆಸರು ಬದಲಾಗದ ಗಾಡಿ ಎರಡು ಮನೆಯವರನ್ನೂ ನ್ಯಾಯಾಲಯಕ್ಕೆ ಅಲೆಸುತ್ತದೆ.

ಚನ್ನಗಿರಿ ತೋಟಗಾರ:

ತಾವೆಲ್ಲರೂ ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಬ್ಯಾಟರಿ ಒಯ್ದು ಬೆಳಿಗ್ಗೆಯೇ ಹೋಗಿ ನೋಡಿ ಬಂದೆವು. ಗ್ಲೋ ಪ್ಲಗ್ಗುಗಳಲ್ಲಿ ಎರಡು ಸತ್ತಿವೆ. ಮಲ್ಟಿಮೀಟರಿನ ಮುಳ್ಳು ಅಲುಗಲಿಲ್ಲ. ಆದರೂ ಬಹಳ ಹೊತ್ತು ತಿರುಗಿಸಿದ ಮೇಲೆ ಇಂಜಿನ್ ಹಿಡಿಯಿತು. ಮುಚ್ಚಳ ಬೋರಲಾಗಿ ಇಟ್ಟಾಗ ನಡುಗಿತು, ಬೀಳಲಿಲ್ಲ. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ, ಒಳಗೆ ಮಾತ್ರ ಬಿಳಿಯ ಹೊಪ್ಪಳೆ ಕಟ್ಟಿದೆ. ಮುಂದಿನ ಅಚ್ಚಿನಿಂದ ಬೂದು ಬಣ್ಣದ ಎಣ್ಣೆ ಬಂತು, ಬೆರಳಿಗೆ ಚೂರು ಸಿಗಲಿಲ್ಲ. ಕ್ಲಚ್ ಒತ್ತಿದರೂ ಗೇರ್ ಬೀಳುವಾಗ ಕಿರ್ರೆನ್ನುತ್ತದೆ. ರೊಟವೇಟರ್ ಎತ್ತಿ ಇಂಜಿನ್ ನಿಲ್ಲಿಸಿದರೆ ನಾವು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಅದು ನೆಲಕ್ಕೆ ಇಳಿದಿತ್ತು. ಆರ್‌ಸಿಯಲ್ಲಿ ಸಾಲದ ನಮೂದಿಲ್ಲ, 2013ರಲ್ಲಿ ಒಮ್ಮೆ ನವೀಕರಣವಾಗಿದೆ, ಆಮೇಲೆ ಇಲ್ಲ. ತಮ್ಮ ಹೆಸರಿಗೆ ಮಾಡಿಸಿ, ನವೀಕರಿಸಿಯೇ ಕೊಡುವುದಾಗಿ ಮಗ ಒಪ್ಪಿದ್ದಾರೆ. ಬೆಲೆ ಎಂಬತ್ತೆರಡು ಸಾವಿರಕ್ಕೆ ಇಳಿದಿದೆ. ಕೊಂಡರೆ ಮೊದಲು ಎಲ್ಲಿ ಕೈ ಹಾಕಬೇಕು?

ಶಿವಮೊಗ್ಗ ಗ್ಯಾರೇಜ್:

ನೀವು ಬರೆದಿರುವುದನ್ನು ನೋಡಿದರೆ ಕೊಳ್ಳಬಹುದಾದ ಗಾಡಿ. ಆದರೆ ಪೂರ್ತಿ ಹಣ ಆರ್‌ಸಿ ಅವರ ಹೆಸರಿಗೆ ಬಂದ ಮೇಲೆಯೇ ಕೊಡಿ, ಅಲ್ಲಿಯವರೆಗೆ ಮುಂಗಡ ಮಾತ್ರ.

ಇಂಜಿನ್ ಬಿಚ್ಚಬೇಡಿ. ಗಾಡಿ ತಂದ ಕೂಡಲೇ ಹೆಡ್ ಎತ್ತಿಸಿ ರಿಂಗ್ ಹಾಕಿಸುವ ಆತುರ ಅನೇಕರಿಗೆ ಇರುತ್ತದೆ. ಸವೆದು ಅಂಡಾಕಾರವಾದ ಬೋರಿಗೆ ಹೊಸ ರಿಂಗ್ ಹಾಕಿದರೆ ಅದು ಗೋಡೆಗೆ ಸರಿಯಾಗಿ ಕೂರುವುದಿಲ್ಲ, ಕೆಲವೇ ತಿಂಗಳಲ್ಲಿ ಮತ್ತೆ ಆಯಿಲ್ ಕುಡಿಯಲು ಶುರುಮಾಡುತ್ತದೆ. ಮಾಡಿಸುವುದಾದರೆ ಲೇತ್ ಅಂಗಡಿಯಲ್ಲಿ ಬೋರ್ ಅಳೆಸಿ, ಓವರ್‌ಸೈಜ್ ಪಿಸ್ಟನ್ನಿನೊಂದಿಗೆ ಪೂರ್ತಿ ಕೆಲಸ ಮಾಡಿಸಬೇಕು. ಮುಚ್ಚಳ ಬೀಳಲಿಲ್ಲ ಎಂದಿದ್ದೀರಿ, ಹಾಗಾಗಿ ಆ ಕಾಲ ಇನ್ನೂ ಬಂದಿಲ್ಲ. ಮೂರೂ ಗ್ಲೋ ಪ್ಲಗ್ ಬದಲಿಸಿ, ನಾಜಲುಗಳನ್ನು ಮಾತ್ರ ಬಿಚ್ಚಿ ಡೀಸೆಲ್ ಪಂಪ್ ಸರ್ವಿಸ್ ಅಂಗಡಿಯ ಟೆಸ್ಟ್ ಬೆಂಚಿನ ಮೇಲೆ ನೋಡಿಸಿ. ಮಂಜಿನಂತೆ ಸಿಂಪಡಿಸದೆ ತೊಟ್ಟಿಕ್ಕುತ್ತಿದ್ದರೆ ಬದಲಿಸಿ. ಪಂಪನ್ನು ಯಾವ ಕಾರಣಕ್ಕೂ ಹಳ್ಳಿಯ ಶೆಡ್ಡಿನಲ್ಲಿ ಬಿಚ್ಚಲು ಬಿಡಬೇಡಿ.

ಎರಡು ವರ್ಷ ನಿಂತ ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ಮತ್ತು ಲೋಳೆ ಇರುತ್ತದೆ. ಟ್ಯಾಂಕ್ ಇಳಿಸಿ ತೊಳೆದು, ಫಿಲ್ಟರ್ ಬದಲಿಸಿ, ಆಮೇಲೆ ಏರ್ ತೆಗೆಯಿರಿ: ಮೊದಲು ಫಿಲ್ಟರಿನ ಮೇಲಿನ ಸ್ಕ್ರೂ, ಆಮೇಲೆ ಪಂಪಿನದು, ಕೊನೆಗೆ ನಾಜಲ್ ಪೈಪಿನ ನಟ್. ಗುಳ್ಳೆ ನಿಂತು ಬರಿ ಡೀಸೆಲ್ ಬರುವವರೆಗೆ ಮುಂದಿನದಕ್ಕೆ ಹೋಗಬಾರದು. ರೇಡಿಯೇಟರಿನ ಬಿಳಿ ಹೊಪ್ಪಳೆ ನಿಮ್ಮ ಕಡೆಯ ಕೊಳವೆಬಾವಿಯ ಗಡಸು ನೀರಿನದು. ಶುಚಿ ಮಾಡಿಸಿ, ಮುಂದೆ ಕೂಲೆಂಟನ್ನೇ ಹಾಕಿ. ಥರ್ಮೋಸ್ಟಾಟ್ ಇದೆಯೇ ಎಂದೂ ನೋಡಿಸಿ. ಬಿಸಿಯಾಗುತ್ತದೆ ಎಂದು ಅದನ್ನು ಕಿತ್ತೆಸೆಯುವ ಮೆಕ್ಯಾನಿಕ್ಕುಗಳಿದ್ದಾರೆ. ಅದು ಇಲ್ಲದ ಇಂಜಿನ್ ಸದಾ ತಣ್ಣಗೆ ಓಡಿ ಬೇಗ ಸವೆಯುತ್ತದೆ.

ದೊಡ್ಡ ಖರ್ಚು ಮುಂದಿನ ಅಚ್ಚಿಗೆ ಮತ್ತು ಕ್ಲಚ್ಚಿಗೆ. ಅಚ್ಚಿನ ಎರಡೂ ಬದಿಯ ಸೀಲ್ ಒಟ್ಟಿಗೆ ಬದಲಿಸಿ, ಬೇರಿಂಗುಗಳನ್ನು ತೊಳೆದು ಕೈಯಲ್ಲಿ ತಿರುಗಿಸಿ ನೋಡಿ, ಕರಕರ ಎಂದರೆ ಬದಲಿಸಿ. ಕ್ಲಚ್ ಒತ್ತಿದರೂ ಗೇರ್ ಕಿರ್ರೆನ್ನುವುದಕ್ಕೆ ಪೆಡಲಿನ ಆಟ ಹೆಚ್ಚಾಗಿರುವುದೂ ಕಾರಣವಾಗಿರಬಹುದು, ನಿಂತಲ್ಲೇ ತುಕ್ಕಿನಿಂದ ಪ್ಲೇಟ್ ಅಂಟಿರುವುದೂ ಇರಬಹುದು. ಮೊದಲು ಪೆಡಲ್ ಹೊಂದಿಸಿ ನೋಡಿ. ಆಗದಿದ್ದರೆ ಗಾಡಿಯನ್ನು ನಡುವೆ ಬಿಡಿಸಬೇಕು. ಒಮ್ಮೆ ಬಿಡಿಸಿದ ಮೇಲೆ ಪ್ಲೇಟ್ ಮಾತ್ರ ಬದಲಿಸಿ ಮುಚ್ಚಬೇಡಿ. ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಸೀಲ್ ಎರಡನ್ನೂ ಹಾಕಿಸಿ, ಏಕೆಂದರೆ ಅವುಗಳ ಬೆಲೆಗಿಂತ ಮತ್ತೊಮ್ಮೆ ಬಿಡಿಸುವ ಕೂಲಿಯೇ ಹೆಚ್ಚು. ಹೈಡ್ರಾಲಿಕ್ ನಿಧಾನವಾಗಿ ಇಳಿಯುವುದು ಸಿಲಿಂಡರಿನ ಓ ರಿಂಗಿನದೋ ವಾಲ್ವಿನದೋ ಸೋರಿಕೆ. ಸ್ಲ್ಯಾಷರ್ ಮತ್ತು ಟ್ರೇಲರ್ ಕೆಲಸಕ್ಕೆ ಅದು ಈ ವರ್ಷ ಕಾಯಬಹುದು. ಎಣ್ಣೆ ಮತ್ತು ಜಾಲರಿ ಶುಚಿ ಮಾಡಿಸಿದರೆ ಸಾಕು.

ಟಾರು ರಸ್ತೆಗೆ ಬಂದಾಗ ಮುಂದಿನ ಚಕ್ರದ ಎಳೆತವನ್ನು ಬಿಡಿಸುವುದನ್ನು ಓಡಿಸುವವರಿಗೆಲ್ಲ ಕಲಿಸಿ.

ತೀರ್ಥಹಳ್ಳಿ ಬೆಳೆಗಾರ:

ಈ ಬೆಲೆಗಾದರೆ ನನ್ನ ಆಕ್ಷೇಪಣೆ ಇಲ್ಲ. ಆದರೆ ಹಳೆಯ ಗಾಡಿಗಳಲ್ಲಿ ಪಿಟಿಒ ಶಾಫ್ಟಿನ (ಹಿಂದೆ ಕಟ್ಟಿದ ಸಲಕರಣೆಯನ್ನು ಇಂಜಿನಿನ ಬಲದಿಂದ ತಿರುಗಿಸುವ ದಂಡ) ಮೇಲಿನ ಮುಚ್ಚಳ ಕಳೆದುಹೋಗಿರುವುದೇ ಹೆಚ್ಚು. ಸ್ಲ್ಯಾಷರ್ ಕಟ್ಟುವ ಮೊದಲು ಅದನ್ನು ತಗಡಿನಲ್ಲಾದರೂ ಮಾಡಿಸಿ ಹಾಕಿ. ಹೆಗಲ ಮೇಲಿನ ಟವೆಲ್ಲಿನ ತುದಿ, ಪಂಚೆಯ ಅಂಚು ಆ ಶಾಫ್ಟಿಗೆ ಸಿಕ್ಕಿದರೆ ಕೈಯಿಂದ ಎಳೆದುಕೊಳ್ಳುವಷ್ಟು ಸಮಯವನ್ನೂ ಕೊಡುವುದಿಲ್ಲ. ಗೊನೆ ತುಂಬುವ ಆಳುಗಳು ಹಿಂದಿನಿಂದಲೇ ಬಂದು ನಿಲ್ಲುತ್ತಾರೆ, ಆದ್ದರಿಂದ ಗಾಡಿ ನಿಂತಾಗಲೆಲ್ಲ ಪಿಟಿಒ ಬಿಡಿಸಿಯೇ ಸೀಟಿನಿಂದ ಇಳಿಯಬೇಕೆಂದು ಓಡಿಸುವವರಿಗೆ ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿಬಿಡಿ.